ಡೆಕ್ಕಿನ ಕೆಳಗಿದ್ದವರ ಪುಸ್ತಕಗಳೂ ಪಟ್ಟಿಗೆ ಬರಲಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಕಡಲಯಾನದ ಬಗ್ಗೆ ಓದಲೇಬೇಕಾದ ಪುಸ್ತಕಗಳ ಪಟ್ಟಿ ಕೊಟ್ಟಿದ್ದೀರಿ. ಖುಷಿಯಾಯಿತು. ಕಡಲಿನ ಪುಸ್ತಕಗಳಿಗೆ ಅರ್ಧ ಪುಟ ಬಿಟ್ಟುಕೊಡುವ ಪತ್ರಿಕೆಗಳು ಜಾಸ್ತಿ ಇಲ್ಲ. ಆದರೆ ಪಟ್ಟಿ ಓದಿದ ಮೇಲೆ ಒಂದು ತಕರಾರು ಹೇಳದೆ ಇರಲಾಗುತ್ತಿಲ್ಲ. ಅದರಲ್ಲಿ ಇದ್ದವರೆಲ್ಲ ಕ್ಯಾಪ್ಟನ್‌ಗಳು, ಅಡ್ಮಿರಲ್‌ಗಳು, ಹೊಸ ದಾರಿ ಕಂಡುಹಿಡಿದವರು ಎಂದು ಶಾಲೆಯಲ್ಲೇ ಬಾಯಿಪಾಠ ಮಾಡಿದ ಅದೇ ನಾಲ್ಕೈದು ಹೆಸರುಗಳು. ಅವರ ಪುಸ್ತಕ ಓದಬಾರದು ಅಂತಲ್ಲ. ಆದರೆ ಒಂದು ಹಡಗಿಗೆ ಕ್ಯಾಪ್ಟನ್ ಒಬ್ಬನೇ. ಹಗ್ಗ ಎಳೆಯುವವರು, ಬಿರುಗಾಳಿಯಲ್ಲಿ ಹಾಯಿಮರ ಹತ್ತುವವರು, ಒಳಗೆ ನುಗ್ಗಿದ ನೀರನ್ನು ರಾತ್ರಿಯಿಡೀ ಪಂಪು ಮಾಡುವವರು, ಅಡುಗೆಯವನು, ಬಡಗಿ, ದಾರಿ ಬಲ್ಲ ಪೈಲಟ್, ಇಷ್ಟವಿಲ್ಲದೆ ಸರಪಳಿಯಲ್ಲಿ ಬಂದವರು ಎಷ್ಟೋ ಜನ. ಅವರಲ್ಲೂ ಕೆಲವರು ಬರೆದಿದ್ದಾರೆ. ಬರೆಯಲಾಗದವರ ಕಥೆಯನ್ನು ಇತಿಹಾಸಕಾರರು ಹುಡುಕಿ ತೆಗೆದಿದ್ದಾರೆ. ನನ್ನ ಮಟ್ಟಿಗೆ ಕಡಲಿನ ಸಾಹಿತ್ಯದ ಜೀವ ಇರುವುದು ಅಲ್ಲಿ.

ರಿಚರ್ಡ್ ಹೆನ್ರಿ ಡೇನಾ ಬರೆದ ‘ಟೂ ಇಯರ್ಸ್ ಬಿಫೋರ್ ದ ಮಾಸ್ಟ್’ ನಿಮ್ಮ ಪಟ್ಟಿಯಲ್ಲಿ ಇಲ್ಲದ್ದು ನನಗೆ ಆಶ್ಚರ್ಯ. 1840ರಲ್ಲಿ ಬಂದ ಪುಸ್ತಕ ಅದು. ಡೇನಾ ಹಾರ್ವರ್ಡ್‌ನಲ್ಲಿ ಓದುತ್ತಿದ್ದ ಅನುಕೂಲಸ್ಥರ ಮನೆಯ ಹುಡುಗ. ದಡಾರ ಬಂದು ಕಣ್ಣು ಸೋತಿತು, ಓದು ನಿಂತಿತು. 1834ರಲ್ಲಿ ಬಾಸ್ಟನ್‌ನಿಂದ ‘ಪಿಲ್ಗ್ರಿಮ್’ ಅನ್ನುವ ಸಣ್ಣ ಹಡಗು ಹತ್ತಿದ. ಪ್ರಯಾಣಿಕನಾಗಿ ಅಲ್ಲ, ಸಾಮಾನ್ಯ ಖಲಾಸಿಯಾಗಿ. ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಸುತ್ತಿ ಕ್ಯಾಲಿಫೋರ್ನಿಯಾ ಕರಾವಳಿಗೆ ಹೋಗಿ ದನದ ಚರ್ಮ ತುಂಬಿಕೊಂಡು ಬರುವುದು ಹಡಗಿನ ಕೆಲಸ. ಒಣಗಿ ಹಲಗೆಯ ಹಾಗೆ ಸೆಟೆದ ಚರ್ಮಗಳನ್ನು ತಲೆ ಮೇಲೆ ಹೊತ್ತು, ಬರಿಗಾಲಲ್ಲಿ ಕಲ್ಲು ತುಳಿಯುತ್ತಾ, ಅಲೆ ಒಡೆಯುವ ಜಾಗದಲ್ಲಿ ನೀರಿಗಿಳಿದು ದೋಣಿಗೆ ಹಾಕಬೇಕು. ಒಂದು ಕಡೆ ಎತ್ತರದ ಬಂಡೆಯ ಮೇಲಿಂದ ಚರ್ಮಗಳನ್ನು ಕೆಳಗೆ ಎಸೆಯುತ್ತಾರೆ. ಕೆಲವು ಮಧ್ಯದಲ್ಲೇ ಸಿಕ್ಕಿಕೊಳ್ಳುತ್ತವೆ. ಡೇನಾ ಹಗ್ಗ ಹಿಡಿದು ಬಂಡೆಯ ಅಂಚಿನಿಂದ ಕೆಳಗಿಳಿದು ಅವನ್ನು ಬಿಡಿಸುತ್ತಾನೆ. ಆಮೇಲೆ ಯಾರಾದರೂ ಅವನನ್ನು ಹೊಗಳುತ್ತಾರಾ? ಆರು ಚರ್ಮಕ್ಕೋಸ್ಕರ ಜೀವ ಪಣಕ್ಕಿಟ್ಟೆಯಲ್ಲೋ ಮೂರ್ಖ ಅನ್ನುವ ಮಾತು ಸಿಗುತ್ತದೆ, ಅಷ್ಟೇ.

ಅದೇ ಪುಸ್ತಕದಲ್ಲಿ ಚಾಟಿಯೇಟಿನ ಪ್ರಸಂಗ ಇದೆ. ಸ್ಯಾಮ್ ಅನ್ನುವ ಖಲಾಸಿಯನ್ನು ಕ್ಯಾಪ್ಟನ್ ಕಟ್ಟಿಹಾಕಿಸುತ್ತಾನೆ. ಯಾಕೆ ಹೊಡೆಯುತ್ತೀರಿ ಎಂದು ಜಾನ್ ಅನ್ನುವ ಇನ್ನೊಬ್ಬ ಕೇಳುತ್ತಾನೆ. ಕೇಳಿದ್ದೇ ತಪ್ಪು, ಅವನಿಗೂ ಏಟು. ಹೊಡೆಯುವುದು ಬೇರೆ ಯಾರೂ ಅಲ್ಲ, ಕ್ಯಾಪ್ಟನ್ನೇ. ಡೇನಾ ನೋಡಲಾಗದೆ ಕಟಕಟೆಗೆ ಒರಗಿ ನೀರಿನ ಕಡೆ ಮುಖ ತಿರುಗಿಸುತ್ತಾನೆ. ಭೂಮಿ ಮೇಲಾದರೆ ಓಡಿಹೋಗಬಹುದು, ಪೊಲೀಸರನ್ನು ಕರೆಯಬಹುದು. ಹಡಗಿನಲ್ಲಿ ಎಲ್ಲಿಗೆ ಹೋಗುತ್ತೀರಿ? ಎದುರು ನಿಂತರೆ ದಂಗೆ, ಸುಮ್ನೆ ಇದ್ದರೆ ಏಟು. ಕಡಲ ಬದುಕಿನ ಈ ಇಕ್ಕಟ್ಟನ್ನು ಇಷ್ಟು ಸರಳವಾಗಿ ಹೇಳಿದ ಪುಟಗಳನ್ನು ನಾನು ಬೇರೆಲ್ಲೂ ಓದಿಲ್ಲ. ಡೇನಾ ಊರಿಗೆ ಮರಳಿ ವಕೀಲನಾದ. ನಾವಿಕರ ಪರವಾಗಿ, ಓಡಿಬಂದ ಗುಲಾಮರ ಪರವಾಗಿ ಕೋರ್ಟಿನಲ್ಲಿ ನಿಂತ. 1841ರಲ್ಲಿ ನಾವಿಕರಿಗಾಗಿಯೇ ಒಂದು ಕೈಪಿಡಿಯನ್ನೂ ಬರೆದ. ಅಂದಹಾಗೆ ಇಷ್ಟು ದೊಡ್ಡ ಪುಸ್ತಕದ ಹಕ್ಕನ್ನು ಅವನು ಪ್ರಕಾಶಕರಿಗೆ ಮಾರಿದ್ದು 250 ಡಾಲರಿಗೆ.

ನಿಮ್ಮ ಪಟ್ಟಿಯಲ್ಲಿ ‘ಬೌಂಟಿ’ ದಂಗೆಯ ಬಗ್ಗೆ ಕ್ಯಾಪ್ಟನ್ ಬ್ಲೈ ಬರೆದದ್ದು ಇದೆ. ಓದಬೇಕಾದದ್ದೇ. ದೀವಿಹಲಸಿನ ಸಸಿಗಳನ್ನು ಟಹೀಟಿಯಿಂದ ವೆಸ್ಟ್ ಇಂಡೀಸಿಗೆ ಒಯ್ಯುತ್ತಿದ್ದ ಹಡಗು ಅದು. ಅಲ್ಲಿನ ತೋಟಗಳ ಗುಲಾಮರಿಗೆ ಅಗ್ಗದ ಆಹಾರ ಬೇಕಿತ್ತು. 1789ರ ಏಪ್ರಿಲ್ 28ರಂದು ದಂಗೆಯಾಯಿತು. ಬ್ಲೈ ಮತ್ತು ಅವನ ಜೊತೆಗಿದ್ದ 18 ಜನರನ್ನು 23 ಅಡಿ ಉದ್ದದ ದೋಣಿಯಲ್ಲಿ ಇಳಿಸಿ ಬಿಟ್ಟುಬಿಟ್ಟರು. ಅಲ್ಲಿಂದ ಟಿಮೋರ್‌ಗೆ 3,600ಕ್ಕೂ ಹೆಚ್ಚು ನಾಟಿಕಲ್ ಮೈಲಿ. ದಾರಿಯಲ್ಲಿ ರೊಟ್ಟಿ ಹಂಚಲು ಬ್ಲೈ ತೆಂಗಿನ ಚಿಪ್ಪಿನ ತಕ್ಕಡಿ ಮಾಡಿದ, ತೂಕದ ಬಟ್ಟಾಗಿ ಪಿಸ್ತೂಲಿನ ಗುಂಡು ಇಟ್ಟ. ಒಬ್ಬನಿಗೂ ಒಂದು ಚೂರು ಹೆಚ್ಚಾಗದಂತೆ, ಕಡಿಮೆಯಾಗದಂತೆ. ನಾವಿಕನಾಗಿ ಅವನಿಗೆ ಸಾಟಿಯಿಲ್ಲ, ಒಪ್ಪುತ್ತೇನೆ.

ಆದರೆ ಅದೇ ಹಡಗಿನಲ್ಲಿ ಜೇಮ್ಸ್ ಮಾರಿಸನ್ ಅನ್ನುವವನು ಇದ್ದ. ಹಗ್ಗ, ಹಾಯಿಗಳ ಉಸ್ತುವಾರಿ ನೋಡುವ ಬೋಸನ್‌ನ ಸಹಾಯಕ. ಅವನೂ ಬರೆದ. ಅವನ ಬರಹದಲ್ಲಿ ಬ್ಲೈ ಬೇರೆಯೇ ಮನುಷ್ಯ. ಎರಡು ಗಿಣ್ಣಿನ ಉಂಡೆ, ಅಂದರೆ ಚೀಸ್, ಕಾಣೆಯಾದ ಕಥೆ ಅದರಲ್ಲಿದೆ. ಸಿಬ್ಬಂದಿ ಕದ್ದಿದ್ದಾರೆ ಎಂದು ಬ್ಲೈ ಕೂಗಾಡುತ್ತಾನೆ. ಪೀಪಾಯಿ ಮಾಡುವ ಕೆಲಸಗಾರ ಎದ್ದು ನಿಂತು, ಹಡಗು ಇಂಗ್ಲೆಂಡಿನಲ್ಲಿದ್ದಾಗಲೇ ಆ ಪೀಪಾಯಿ ಬಿಚ್ಚಿತ್ತು, ಚೀಸ್ ನಿಮ್ಮ ಮನೆಗೇ ಹೋಯಿತು ಅನ್ನುತ್ತಾನೆ. ಇನ್ನೊಂದು ಮಾತಾಡಿದರೆ ಚಾಟಿ ಎಂದು ಬ್ಲೈ ಬಾಯಿ ಮುಚ್ಚಿಸುತ್ತಾನೆ. ಅದಾದ ಮೇಲೆ ಆ ಕೊರತೆ ತುಂಬುವವರೆಗೆ ಎಲ್ಲರ ಪಾಲಿನ ಚೀಸ್ ಬಂದ್. ನೋಡಿ, ಚಿಪ್ಪಿನ ತಕ್ಕಡಿಯ ಬ್ಲೈ ಮತ್ತು ಈ ಬ್ಲೈ ಇಬ್ಬರೂ ಒಬ್ಬನೇ. ಮಾರಿಸನ್ ಹೇಳಿದ್ದೆಲ್ಲ ಸತ್ಯ ಅಂತ ನಾನು ಹೇಳುತ್ತಿಲ್ಲ. ದಂಗೆ ಕೇಸಿನಲ್ಲಿ ಅವನಿಗೂ ಮರಣದಂಡನೆಯಾಗಿತ್ತು, ಆಮೇಲೆ ಕ್ಷಮೆ ಸಿಕ್ಕಿತು. ತನ್ನ ಕಡೆಯ ವಾದ ಮಾಡಲು ಅವನಿಗೆ ಕಾರಣ ಇತ್ತು. ಬ್ಲೈಗೂ ಇತ್ತಲ್ವಾ? ವ್ಯತ್ಯಾಸ ಇಷ್ಟೇ. ಬ್ಲೈ ಪುಸ್ತಕ ಮರುವರ್ಷವೇ, 1790ರಲ್ಲಿ ಅಚ್ಚಾಯಿತು. ಮಾರಿಸನ್ ಬರೆದದ್ದು ಪೂರ್ತಿಯಾಗಿ ಅಚ್ಚಾದದ್ದು 1935ರಲ್ಲಿ. ಅಷ್ಟರಲ್ಲಿ ಅವನು ಮತ್ತೆ ನೌಕಾಪಡೆ ಸೇರಿ, 1807ರಲ್ಲಿ ‘ಬ್ಲೆನ್‌ಹೈಮ್’ ಹಡಗಿನ ಜೊತೆ ಮುಳುಗಿ ನೂರು ವರ್ಷದ ಮೇಲಾಗಿತ್ತು.

ಹೀಗೆ ಒಂದೇ ಹಡಗಿನ ಬಗ್ಗೆ ಎರಡು ಪುಸ್ತಕ ಸಿಕ್ಕರೆ ಎರಡನ್ನೂ ಓದಿ ಅನ್ನುವುದು ನನ್ನ ಒತ್ತಾಯ. ‘ಎಸೆಕ್ಸ್’ ಕಥೆಯೂ ಹಾಗೇ. 1820ರ ನವೆಂಬರ್ 20ರಂದು ಪೆಸಿಫಿಕ್ ಮಧ್ಯದಲ್ಲಿ ಸ್ಪರ್ಮ್ ತಿಮಿಂಗಿಲವೊಂದು ಈ ಬೇಟೆ ಹಡಗಿಗೆ ಗುದ್ದಿ ಮುಳುಗಿಸಿತು. 20 ಜನ ಮೂರು ಸಣ್ಣ ದೋಣಿಗಳಲ್ಲಿ ಉಳಿದರು. ಕೊನೆಗೆ ಬದುಕಿದವರು 8. ಹಡಗಿನ ಮೊದಲ ಮೇಟ್, ಅಂದರೆ ಕ್ಯಾಪ್ಟನ್ ಕೆಳಗಿನ ಅಧಿಕಾರಿ, ಓವನ್ ಚೇಸ್ 1821ರಲ್ಲೇ ಪುಸ್ತಕ ತಂದ. ಹರ್ಮನ್ ಮೆಲ್ವಿಲ್ ತಾನೇ ತಿಮಿಂಗಿಲ ಬೇಟೆಯ ಹಡಗಿನಲ್ಲಿ ಖಲಾಸಿಯಾಗಿದ್ದಾಗ ಚೇಸ್‌ನ ಮಗ ಸಮುದ್ರದ ನಡುವೆ ಸಿಕ್ಕಿ ಆ ಪುಸ್ತಕ ಓದಲು ಕೊಟ್ಟ. ಅವನ ಕಾದಂಬರಿ ‘ಮೋಬಿ ಡಿಕ್’ ಹುಟ್ಟಿದ ಮಣ್ಣಿನಲ್ಲಿ ಅದೂ ಸೇರಿದೆ. ಆದರೆ ತಿಮಿಂಗಿಲ ಗುದ್ದಿದಾಗ ಚುಕ್ಕಾಣಿ ಹಿಡಿದಿದ್ದವನು ಥಾಮಸ್ ನಿಕರ್ಸನ್ ಅನ್ನುವ ಚಿಕ್ಕ ಹುಡುಗ. ಅವನು ಮುದುಕನಾದ ಮೇಲೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟದ್ದು 1960ರಲ್ಲಿ ಒಂದು ಮನೆಯ ಅಟ್ಟದಲ್ಲಿ ಸಿಕ್ಕಿ, 1984ರಲ್ಲಿ ಅಚ್ಚಾಯಿತು. ಇವೆರಡನ್ನೂ ಇಟ್ಟುಕೊಂಡು ನಥಾನಿಯಲ್ ಫಿಲ್‌ಬ್ರಿಕ್ 2000ದಲ್ಲಿ ‘ಇನ್ ದ ಹಾರ್ಟ್ ಆಫ್ ದ ಸೀ’ ಬರೆದರು.

ಆ ಪುಸ್ತಕದ ದೊಡ್ಡತನ ತಿಮಿಂಗಿಲದಲ್ಲಿಲ್ಲ. ಆಮೇಲಿನ ತೀರ್ಮಾನಗಳಲ್ಲಿದೆ. ಕ್ಯಾಪ್ಟನ್ ಪೊಲಾರ್ಡ್ ಗಾಳಿಯ ದಿಕ್ಕಿನಲ್ಲಿದ್ದ ಸೊಸೈಟಿ ದ್ವೀಪಗಳ ಕಡೆ ಹೋಗೋಣ ಅಂದ. ಅಲ್ಲಿ ನರಭಕ್ಷಕರಿದ್ದಾರೆ ಎಂದು ಮೇಟ್‌ಗಳು ಹೆದರಿದರು, ದಕ್ಷಿಣ ಅಮೆರಿಕದ ದೂರದ ದಾರಿಯೇ ವಾಸಿ ಅಂದರು. ಕ್ಯಾಪ್ಟನ್ ಬಗ್ಗಿದ. ಕೊನೆಗೆ ಸತ್ತವರನ್ನು ತಿಂದು ಬದುಕಬೇಕಾದವರು ಇವರೇ ಆದರು. ಬದುಕಿದ ಎಂಟು ಜನರಲ್ಲಿ ಐವರು ಹಡಗಿನ ಊರಾದ ನಾನ್‌ಟಕೆಟ್‌ನವರು. ಕಪ್ಪು ನಾವಿಕರಲ್ಲಿ ಒಬ್ಬನೂ ಉಳಿಯಲಿಲ್ಲ. ಯಾಕೆ? ಹಡಗು ಮುಳುಗುವ ಮೊದಲೇ ಅವರಿಗೆ ಸಿಗುತ್ತಿದ್ದ ಊಟ ಎಲ್ಲಕ್ಕಿಂತ ಕಳಪೆ, ಮೈಯಲ್ಲಿ ಕೊಬ್ಬು ಇರಲಿಲ್ಲ ಎಂದು ಫಿಲ್‌ಬ್ರಿಕ್ ಬಿಡಿಸಿ ಹೇಳುತ್ತಾರೆ. ದೋಣಿಯಲ್ಲಿ ಎಲ್ಲರಿಗೂ ಸಮ ಪಾಲು ಕೊಟ್ಟರೂ ಹಳೆಯ ಅನ್ಯಾಯ ಜೊತೆಯಲ್ಲೇ ಬಂದಿತ್ತು. ಚೇಸ್‌ನ ಪುಸ್ತಕ ಮಾತ್ರ ಓದಿದವರಿಗೆ ಇದು ಕಾಣುವುದೇ ಇಲ್ಲ.

ಮೆಗಲನ್ ಬಗ್ಗೆ ನೀವು ಹಾಕಿದ್ದು ಒಂದು ಜೀವನಚರಿತ್ರೆ. ಅದರ ಬದಲು ಅಥವಾ ಜೊತೆಗೆ, ಆ ಯಾನದಲ್ಲೇ ಇದ್ದ ಆಂಟೋನಿಯೋ ಪಿಗಾಫೆಟ್ಟಾ ಬರೆದದ್ದನ್ನು ಹಾಕಬೇಕಿತ್ತು. 1519ರಲ್ಲಿ ಐದು ಹಡಗು, ಸುಮಾರು 240 ಜನ ಹೊರಟರು. 1522ರ ಸೆಪ್ಟೆಂಬರಿನಲ್ಲಿ ಲೋಕ ಸುತ್ತಿ ಮರಳಿದ್ದು ‘ವಿಕ್ಟೋರಿಯಾ’ ಒಂದೇ, ಅದರಲ್ಲಿ 18 ಜನ. ಪೆಸಿಫಿಕ್ ದಾಟುವಾಗ ಮೂರು ತಿಂಗಳು ಇಪ್ಪತ್ತು ದಿನ ಹೊಸ ಆಹಾರ ಇಲ್ಲ. ಬಿಸ್ಕತ್ತು ಹುಳ ತುಂಬಿದ ಪುಡಿಯಾಗಿತ್ತು, ಇಲಿ ಮೂತ್ರದ ನಾತ ಹೊಡೆಯುತ್ತಿತ್ತು. ಹಾಯಿಕಂಬಕ್ಕೆ ಹಗ್ಗ ಸವೆಯದಿರಲಿ ಎಂದು ಸುತ್ತಿದ್ದ ಎತ್ತಿನ ಚರ್ಮವನ್ನು ಬಿಚ್ಚಿ, ನಾಲ್ಕೈದು ದಿನ ಸಮುದ್ರದ ನೀರಲ್ಲಿ ನೆನೆಸಿ, ಕೆಂಡದ ಮೇಲಿಟ್ಟು ತಿಂದರು. ಇಲಿ ಒಂದಕ್ಕೆ ಅರ್ಧ ಡ್ಯುಕಾಟ್ (ಆಗಿನ ಚಿನ್ನದ ನಾಣ್ಯ), ಅದೂ ಸಿಗುತ್ತಿರಲಿಲ್ಲ. ಇದನ್ನೆಲ್ಲ ಪಿಗಾಫೆಟ್ಟಾ ಲೆಕ್ಕ ಬರೆದ ಹಾಗೆ ಬರೆಯುತ್ತಾನೆ.

ಅದೇ ಪುಸ್ತಕದಲ್ಲಿ ಎನ್ರಿಕೆ ಇದ್ದಾನೆ. ಮಲಕ್ಕಾದಿಂದ ಮೆಗಲನ್ ಕರೆತಂದಿದ್ದ ಗುಲಾಮ. ಯುರೋಪಿಗೆ ಹೋಗಿ, ಅಲ್ಲಿಂದ ಅಟ್ಲಾಂಟಿಕ್ ದಾಟಿ, ಪೆಸಿಫಿಕ್ ದಾಟಿ 1521ರಲ್ಲಿ ಫಿಲಿಪೈನ್ಸ್ ಮುಟ್ಟಿದಾಗ ದೋಣಿಯಲ್ಲಿ ಬಂದವರ ಜೊತೆ ಅವನು ಮಾತಾಡಿದ, ಅವರಿಗೆ ಅರ್ಥವಾಯಿತು! ಅಂದರೆ ಪೂರ್ವದ ಕಡಲಿನ ಈ ಮನುಷ್ಯ ಭೂಮಿಯನ್ನು ಹೆಚ್ಚುಕಡಿಮೆ ಸುತ್ತಿ ತನ್ನ ಮಾತು ನಡೆಯುವ ನೀರಿಗೆ ಮರಳಿದ್ದ, ಮೆಗಲನ್ ಹೆಸರಿನಲ್ಲಿ ಇವತ್ತಿಗೂ ನಡೆಯುತ್ತಿರುವ ಸಂಭ್ರಮದಲ್ಲಿ ಅವನಿಗೆ ಸಿಕ್ಕ ಜಾಗ ಎಷ್ಟು ಹೇಳಿ. ನಾನು ಸತ್ತರೆ ಇವನಿಗೆ ಬಿಡುಗಡೆ ಎಂದು ಮೆಗಲನ್ ಉಯಿಲು ಬರೆದಿದ್ದ. ಮೆಗಲನ್ ಸತ್ತ. ನಿನಗೆ ಬಿಡುಗಡೆ ಇಲ್ಲ, ಅವನ ಹೆಂಡತಿಯ ಆಳಾಗಿಯೇ ಇರಬೇಕು ಎಂದು ಹೊಸ ನಾಯಕ ಗದರಿದ. ಎನ್ರಿಕೆ ಅಲ್ಲಿನ ರಾಜನ ಜೊತೆ ಸೇರಿ ಇವರ ವಿರುದ್ಧ ಸಂಚು ಮಾಡಿದ ಎಂದು ಪಿಗಾಫೆಟ್ಟಾ ಹೇಳುತ್ತಾನೆ. ಅಲ್ಲಿಂದ ಮುಂದೆ ಅವನ ಸುಳಿವಿಲ್ಲ.

ವಾಸ್ಕೋ ಡ ಗಾಮಾನ ವಿಷಯಕ್ಕೆ ಬರೋಣ. ಅವನ ಮೊದಲ ಯಾನದ ದಿನಚರಿ ಒಂದು ಉಳಿದಿದೆ, ಆಲ್ವಾರೋ ವೇಲ್ಯೋ ಬರೆದದ್ದು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಸಣ್ಣ ಪುಸ್ತಕ. ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡು ಅಂಕಿ. 1498ರ ಏಪ್ರಿಲ್‌ನಲ್ಲಿ ಆಫ್ರಿಕಾದ ಮಾಲಿಂದಿಯಲ್ಲಿ ಅಲ್ಲಿನ ರಾಜ ಕೊಟ್ಟ ಪೈಲಟ್‌ನನ್ನು ಹತ್ತಿಸಿಕೊಂಡು ಹೊರಟವರು 23 ದಿನ ನೆಲ ಕಾಣದೆ ಸಾಗಿ ಕಲ್ಲಿಕೋಟೆ ಕಡೆ ಬಂದು ಮುಟ್ಟಿದರು. ಮರಳುವಾಗ ಗಾಳಿಗೆ ಕಾಯುವ ವ್ಯವಧಾನ ಇರಲಿಲ್ಲ. ಅಕ್ಟೋಬರ್ 5ಕ್ಕೆ ಕಾರವಾರದ ಬಳಿಯ ಅಂಜದೀವ ದ್ವೀಪದಿಂದ ಹೊರಟುಬಿಟ್ಟರು. ಈಶಾನ್ಯದ ಗಾಳಿ ಇನ್ನೂ ಹಿಡಿದಿರಲಿಲ್ಲ. ಒಂದು ದಿನ ಎದುರುಗಾಳಿ, ಒಂದು ದಿನ ಗಾಳಿಯೇ ಇಲ್ಲ. ಆಫ್ರಿಕಾ ಕಂಡದ್ದು ಜನವರಿ 2ಕ್ಕೆ. ಅದೇ ಸಮುದ್ರ, ಹೋಗುವಾಗ 23 ದಿನ, ಬರುವಾಗ ಹತ್ತಿರಹತ್ತಿರ ಮೂರು ತಿಂಗಳು! ಒಸಡು ಊದಿ, ಕಾಲು ಬಾತು, ಆ ಒಂದೇ ದಾಟಿನಲ್ಲಿ 30 ಜನ ಸ್ಕರ್ವಿ ರೋಗದಿಂದ ಸತ್ತರು. ಒಂದೊಂದು ಹಡಗಿನಲ್ಲಿ ಕೆಲಸ ಮಾಡಬಲ್ಲವರು ಏಳೆಂಟು ಜನ ಉಳಿದರು. ಮೂರು ಹಡಗು ನಡೆಸಲು ಆಳು ಸಾಲದೆ ಒಂದನ್ನು ಸುಟ್ಟುಹಾಕಿದರು.

ಆ ಪೈಲಟ್‌ನ ಹೆಸರನ್ನು ದಿನಚರಿ ಹೇಳುವುದೇ ಇಲ್ಲ. ಇಬ್ನ್ ಮಾಜಿದ್ ಅನ್ನುವ ಪ್ರಸಿದ್ಧ ಅರಬ್ ನಾವಿಕ ಅವನು ಎಂದು ಬಹಳ ಕಾಲ ಬರೆಯುತ್ತಾ ಬಂದರು. ಈಗಿನ ವಿದ್ವಾಂಸರು ಹೆಚ್ಚಿನವರು ಅದನ್ನು ಒಪ್ಪುವುದಿಲ್ಲ. ಆದರೆ ಇಬ್ನ್ ಮಾಜಿದ್ ತನ್ನದೇ ಪುಸ್ತಕದಿಂದ ದೊಡ್ಡವನು, ಅವನಿಗೆ ಗಾಮಾನ ಶಿಫಾರಸು ಬೇಕಿಲ್ಲ. 1490ರ ಸುಮಾರಿಗೆ ಅವನು ಬರೆದ ಗ್ರಂಥದಲ್ಲಿ ಯಾವ ಬಂದರಿನಿಂದ ಯಾವ ಕಾಲದಲ್ಲಿ ಹೊರಡಬೇಕು, ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಬೆರಳು ಮೇಲಿದ್ದರೆ ಎಲ್ಲಿದ್ದೀರಿ, ಯಾವ ಚುಕ್ಕಿ ಹುಟ್ಟುವ ದಿಕ್ಕಿಗೆ ಹಡಗಿನ ಮೂತಿ ಇಡಬೇಕು ಎಲ್ಲ ಇದೆ. ಟಿಬೆಟ್ಸ್ ಅವರ ಇಂಗ್ಲಿಷ್ ಅನುವಾದ 1971ರಲ್ಲಿ ಬಂದಿದೆ. ಓದಲು ಸುಲಭ ಅಲ್ಲ. ಆದರೆ ಹತ್ತು ಪುಟ ಓದಿದರೂ ಸಾಕು, ಗಾಮಾ ‘ದಾರಿ ಕಂಡುಹಿಡಿದ’ ಅನ್ನುವ ಮಾತು ನಿಮ್ಮ ಬಾಯಿಂದ ಮತ್ತೆ ಬರುವುದಿಲ್ಲ.

ಅದಕ್ಕೂ ಹಳೆಯದು ಬೇಕೆಂದರೆ ‘ಪೆರಿಪ್ಲಸ್’ ಇದೆ. ಒಂದನೇ ಶತಮಾನದಲ್ಲಿ ಈಜಿಪ್ಟಿನ ಕಡೆಯ ಗ್ರೀಕ್ ವ್ಯಾಪಾರಿಯೊಬ್ಬ ಬರೆದ ಕೈಪಿಡಿ. ಹೆಸರು ಹಾಕಿಕೊಂಡಿಲ್ಲ. ಕೇರಳದ ಹಳೆಯ ಬಂದರು ಮುಜಿರಿಸ್‌ನ ಮೆಣಸು ಎಲ್ಲರೂ ಉದ್ಧರಿಸುವ ಭಾಗ. ನನಗೆ ಇಷ್ಟ ಬರಿಗಾಜಾದ ಭಾಗ, ಅಂದರೆ ಈಗಿನ ಭರೂಚ್. ಅಲ್ಲಿ ಉಬ್ಬರ ಎಷ್ಟು ಜೋರು ಅಂದರೆ ಹೊಸಬರ ಹಡಗು ಮಗುಚಿ ಬೀಳುತ್ತದೆ. ಅದಕ್ಕೇ ರಾಜನ ಸೇವೆಯಲ್ಲಿರುವ ಮೀನುಗಾರರು ದೋಣಿ ತುಂಬ ಜನರೊಂದಿಗೆ ಬಹಳ ದೂರ ಎದುರು ಬಂದು, ಹಡಗನ್ನು ಎಳೆದುಕೊಂಡು, ಉಬ್ಬರ ಬಂದಾಗ ಸಾಗುತ್ತಾ, ಇಳಿತಕ್ಕೆ ಆಳದ ಜಾಗಗಳಲ್ಲಿ ನಿಲ್ಲಿಸುತ್ತಾ ಒಳಗೆ ಕರೆದೊಯ್ಯುತ್ತಾರೆ. ಎರಡು ಸಾವಿರ ವರ್ಷದ ಹಿಂದಿನ ಪೈಲಟ್ ಸೇವೆ. ಲಯನಲ್ ಕ್ಯಾಸನ್ 1989ರಲ್ಲಿ ಮಾಡಿದ ಅನುವಾದದಲ್ಲಿ ಟಿಪ್ಪಣಿಗಳು ಚೆನ್ನಾಗಿವೆ.

ಪೆಸಿಫಿಕ್‌ಗೆ ನಿಮ್ಮ ಪಟ್ಟಿಯಲ್ಲಿ ಸಿಕ್ಕಿದ್ದು ಕ್ಯಾಪ್ಟನ್ ಕುಕ್ ಮತ್ತು ‘ಕಾನ್-ಟಿಕಿ’. ಹೇಯರ್ಡಾಲ್ 1947ರಲ್ಲಿ ಬಾಲ್ಸಾ ತೆಪ್ಪದ ಮೇಲೆ 101 ದಿನ ತೇಲಿ ಹೋದದ್ದು ಸಾಹಸವೇ, ಪುಸ್ತಕವೂ ಸೊಗಸು. ಆದರೆ ದಕ್ಷಿಣ ಅಮೆರಿಕದವರು ತೇಲಿ ಬಂದು ಪಾಲಿನೇಷ್ಯದಲ್ಲಿ ನೆಲೆಸಿದರು ಅನ್ನುವ ಅವನ ವಾದ ನಿಲ್ಲಲಿಲ್ಲ. ಭಾಷೆ, ಅಗೆತದಲ್ಲಿ ಸಿಕ್ಕ ವಸ್ತುಗಳು, ಜೀನ್ ಎಲ್ಲ ತೋರಿಸುವುದು ಆ ಜನ ಪಶ್ಚಿಮದಿಂದ, ಗಾಳಿಗೆ ಎದುರಾಗಿ, ಬೇಕೆಂದೇ ದೋಣಿ ನಡೆಸಿಕೊಂಡು ಬಂದವರು ಅಂತ. ಹೇಗೆ ಬಂದರು? ಅದಕ್ಕೆ ಡೇವಿಡ್ ಲೂಯಿಸ್ ಅವರ ‘ವಿ, ದ ನ್ಯಾವಿಗೇಟರ್ಸ್’ ಓದಬೇಕು. 1972ರ ಪುಸ್ತಕ. ಅವರು ಗ್ರಂಥಾಲಯದಲ್ಲಿ ಕೂತು ಬರೆದವರಲ್ಲ. ಟೆವಾಕೆ, ಹಿಪೂರ್ ಅನ್ನುವ ಸಾಂಪ್ರದಾಯಿಕ ನಾವಿಕರನ್ನು ತಮ್ಮ ದೋಣಿಗೆ ಕರೆದು, ದಿಕ್ಸೂಚಿ ಬಚ್ಚಿಟ್ಟು, ನೀವು ಹೇಳಿದ ದಾರಿಯಲ್ಲೇ ಹೋಗೋಣ ಅಂದವರು. ದ್ವೀಪಗಳಿಗೆ ಬಡಿದು ತಿರುಗುವ ಅಲೆ ಬೇರೆ, ದೂರದ ಗಾಳಿಯಿಂದ ಏಳುವ ಅಲೆ ಬೇರೆ. ಎರಡು ಮೂರು ಕಡೆಯ ಅಲೆಗಳು ಒಂದರ ಮೇಲೊಂದು ಸೇರಿ ಬರುವಾಗ ಅವನ್ನು ಬಿಡಿಸಿ ಓದಬೇಕು. ಟೆವಾಕೆ ತನ್ನ ದೋಣಿಯಲ್ಲಾದರೆ ಗುಡಿಸಲಿನಂಥ ಮರೆಗೆ ಹೋಗಿ ಮಲಗಿಬಿಡುತ್ತಿದ್ದ. ನಿದ್ದೆಗಲ್ಲ. ಕಣ್ಣಿಗೆ ಬೀಳುವುದನ್ನೆಲ್ಲ ಬಿಟ್ಟು, ದೋಣಿ ಹೇಗೆ ಹೊರಳುತ್ತಿದೆ ಎಂದು ಮೈಯಲ್ಲೇ ತಿಳಿದು, ಚುಕ್ಕಾಣಿ ಹಿಡಿದವನಿಗೆ ಅಲ್ಲಿಂದಲೇ ದಿಕ್ಕು ಹೇಳುತ್ತಿದ್ದ. ನಾಲ್ಕು ವರ್ಷದ ಮೇಲೆ, 1976ರಲ್ಲಿ, ಮಾವು ಪಿಯಾಲುಗ್ ಅನ್ನುವ ನಾವಿಕ ‘ಹೊಕುಲೆಯಾ’ ದೋಣಿಯನ್ನು ಒಂದೂ ಉಪಕರಣ ಇಲ್ಲದೆ ಹವಾಯಿಯಿಂದ ಟಹೀಟಿಗೆ ಮುಟ್ಟಿಸಿದ. ಆಮೇಲೆ ಯಾರೂ ಆಕಸ್ಮಿಕ, ತೇಲಿಕೊಂಡು ಹೋದರು ಎಂದು ಹಗುರವಾಗಿ ಮಾತಾಡಲಿಲ್ಲ.

ಕುಕ್‌ನ ಮೊದಲ ಯಾನದಲ್ಲೂ ಟುಪಾಯಾ ಅನ್ನುವ ಇಂಥ ಒಬ್ಬ ಪಂಡಿತ ಇದ್ದ. 1769ರಲ್ಲಿ ಟಹೀಟಿಯಲ್ಲಿ ಹಡಗು ಹತ್ತಿದ. ನೆನಪಿನಿಂದಲೇ ಹತ್ತಾರು ದ್ವೀಪಗಳ ನಕ್ಷೆ ಬರೆಸಿದ. ನ್ಯೂಜಿಲೆಂಡಿನಲ್ಲಿ ಮಾವೊರಿಗಳು ಅವನ ಮಾತು ಅರ್ಥ ಮಾಡಿಕೊಂಡರು. ಮರುವರ್ಷ ಬಟಾವಿಯಾದಲ್ಲಿ, ಅಂದರೆ ಈಗಿನ ಜಕಾರ್ತಾದಲ್ಲಿ, ಸತ್ತ. ಜೋನ್ ಡ್ರೂಯೆಟ್ ಅವನ ಬಗ್ಗೆಯೇ ಪುಸ್ತಕ ಬರೆದಿದ್ದಾರೆ.

ಈಗ ಎಲ್ಲಕ್ಕಿಂತ ಕಷ್ಟದ ಪುಸ್ತಕ. ನಿಮ್ಮ ಪಟ್ಟಿಯಲ್ಲಿ ಗುಲಾಮರ ಹಡಗುಗಳ ಬಗ್ಗೆ ಒಂದೂ ಇಲ್ಲ, ಇದು ಸಣ್ಣ ಲೋಪ ಅಲ್ಲ. ಅಟ್ಲಾಂಟಿಕ್ ದಾಟಿಸಲು ಆಫ್ರಿಕಾದಲ್ಲಿ ಹಡಗಿಗೆ ಹತ್ತಿಸಿದವರು ಸುಮಾರು 1.25 ಕೋಟಿ ಜನ. ಅವರಲ್ಲಿ 17–18 ಲಕ್ಷ ಜನ ದಾರಿಯಲ್ಲೇ ಸತ್ತರು ಎಂದು ಇತಿಹಾಸಕಾರರ ಲೆಕ್ಕ. ಇವರನ್ನು ಬಿಟ್ಟು ಕಡಲ ಇತಿಹಾಸ ಹೇಗೆ ಬರೆಯುವುದು? ಒಲಾಡಾ ಇಕ್ವಿಯಾನೋ 1789ರಲ್ಲಿ ತನ್ನ ಕಥೆಯನ್ನು ತಾನೇ ಬರೆದ. ಹಡಗಿಗೆ ಹತ್ತಿಸಿದಾಗ ಇವರು ನನ್ನನ್ನು ತಿನ್ನುತ್ತಾರೆ ಎಂದು ಹೆದರಿದ ಹುಡುಗ. ಕೆಳಗಿನ ಉಸಿರುಗಟ್ಟುವ ನಾತ, ಸರಪಳಿಯಲ್ಲಿ ಜೋಡಿಯಾಗಿ ಕಟ್ಟಿದ್ದ ಇಬ್ಬರು ಬಲೆ ದಾಟಿ ಸಮುದ್ರಕ್ಕೆ ಹಾರಿದ್ದು, ಹಾರಿಯೂ ಸಿಕ್ಕಿಬಿದ್ದ ಇನ್ನೊಬ್ಬನಿಗೆ ಬಿದ್ದ ಹೊಡೆತ, ಎಲ್ಲ ಹೇಳುತ್ತಾನೆ. ಅದರ ನಡುವೆಯೇ ಒಂದು ಸಂಗತಿ ಬರುತ್ತದೆ. ನಾವಿಕರು ಎತ್ತರದ ಕೋನ ಅಳೆಯುವ ಕ್ವಾಡ್ರಂಟ್ ಹಿಡಿದು ಸೂರ್ಯನನ್ನು ನೋಡುತ್ತಿರುವುದನ್ನು ಹುಡುಗ ಬೆರಗಿನಿಂದ ನೋಡುತ್ತಿದ್ದಾನೆ. ಒಬ್ಬ ನಾವಿಕ ಅದನ್ನು ಅವನ ಕೈಗೂ ಕೊಟ್ಟು ನೋಡಲು ಬಿಡುತ್ತಾನೆ. ಮೋಡಗಳು ನೆಲದ ಹಾಗೆ ಕಾಣುತ್ತವೆ, ತೇಲಿ ಮರೆಯಾಗುತ್ತವೆ. ಆ ನರಕದಲ್ಲೂ ಕುತೂಹಲ ಸಾಯದ ಆ ಹುಡುಗ ಮುಂದೆ ತಾನೇ ನುರಿತ ನಾವಿಕನಾದ, 1766ರಲ್ಲಿ ದುಡ್ಡು ಕೊಟ್ಟು ತನ್ನ ಬಿಡುಗಡೆಯನ್ನು ಕೊಂಡುಕೊಂಡ. 1773ರಲ್ಲಿ ಉತ್ತರ ಧ್ರುವದ ಕಡೆ ಹೊರಟ ಯಾತ್ರೆಯಲ್ಲೂ ಅವನಿದ್ದ. ಅದೇ ಯಾತ್ರೆಯ ಇನ್ನೊಂದು ಹಡಗಿನಲ್ಲಿ ನಿಮ್ಮ ಪಟ್ಟಿಯ ನೆಲ್ಸನ್ ಇದ್ದ, ಆಗಿನ್ನೂ ಹುಡುಗ.

ಇಕ್ವಿಯಾನೋ ಜೊತೆಗೆ ಮಾರ್ಕಸ್ ರೆಡಿಕರ್ 2007ರಲ್ಲಿ ಬರೆದ ‘ದ ಸ್ಲೇವ್ ಶಿಪ್’ ಇಟ್ಟುಕೊಳ್ಳಿ. ಹಡಗು ಬರೀ ಸಾಗಣೆಯ ಸಾಧನ ಅಲ್ಲ, ಜೈಲು, ಕಾರ್ಖಾನೆ, ಯುದ್ಧಯಂತ್ರ ಮೂರೂ ಹೌದು ಎಂದು ತೋರಿಸುವ ಪುಸ್ತಕ. ‘ಬ್ರೂಕ್ಸ್’ ಅನ್ನುವ ಗುಲಾಮರ ಹಡಗಿನ ಆ ಚಿತ್ರ ನೋಡಿರುತ್ತೀರಿ, ಸಾಲುಸಾಲಾಗಿ ಮಲಗಿಸಿದ 482 ಜನ. ಅದೇ ಹಡಗು ಅದಕ್ಕೂ ಮೊದಲು 600ಕ್ಕೂ ಹೆಚ್ಚು ಜನರನ್ನು ತುಂಬಿಕೊಂಡು ಹೋಗಿತ್ತು. ಚಿತ್ರದಲ್ಲಿರುವುದು ಕಡಿಮೆ ಹಿಂಸೆಯ ಲೆಕ್ಕ ಅಂದ ಹಾಗಾಯಿತು.

ನಮ್ಮ ಕಡಲಿನ ಖಲಾಸಿಗಳು, ಇಂಗ್ಲಿಷರು ಲಸ್ಕರ್ ಎಂದು ಕರೆದವರು, ತಾವೇ ಬರೆದ ಪುಸ್ತಕ ಹುಡುಕಿದರೆ ಸಿಗುವುದು ಕಷ್ಟ. ಅದಕ್ಕೇ ಅಮಿತಾವ್ ಘೋಷ್ ಮುಖ್ಯ. 2008ರ ‘ಸೀ ಆಫ್ ಪಾಪೀಸ್’ನಲ್ಲಿ ಗುಲಾಮರನ್ನು ಸಾಗಿಸುತ್ತಿದ್ದ ಹಡಗೇ ಮುಂದೆ ಗಿರ್ಮಿಟಿಯಾಗಳನ್ನು, ಅಂದರೆ ಕರಾರಿನ ಕೂಲಿಗಳನ್ನು, ಮಾರಿಷಸ್‌ಗೆ ಒಯ್ಯುತ್ತದೆ. ಆ ಖಲಾಸಿಗಳ ಕಲಬೆರಕೆ ಮಾತನ್ನು ಅವರು 1811ರ ಒಂದು ನೌಕಾ ನಿಘಂಟಿನಿಂದ ಎತ್ತಿ ಜೀವ ಕೊಟ್ಟಿದ್ದಾರೆ. ಆದರೆ ನನ್ನ ಮೆಚ್ಚಿನದು 1992ರ ‘ಇನ್ ಆನ್ ಆಂಟೀಕ್ ಲ್ಯಾಂಡ್’. ಹನ್ನೆರಡನೇ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಬೆನ್ ಯಿಜು ಅನ್ನುವ ಯಹೂದಿ ವ್ಯಾಪಾರಿ, ಅವನ ಆಳು ಬೊಮ್ಮ. ಕೈರೋದ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಒಂದರ ಕಾಗದದ ರಾಶಿಯಲ್ಲಿ ಉಳಿದ ಪತ್ರಗಳಲ್ಲಿ ಈ ಬೊಮ್ಮ ಅಲ್ಲೊಂದು ಇಲ್ಲೊಂದು ಸಾಲಿನಲ್ಲಿ ಬಂದು ಹೋಗುತ್ತಾನೆ. ಒಡೆಯನ ಸರಕು ತೆಗೆದುಕೊಂಡು ಏಡನ್‌ಗೆ ಹೋಗುತ್ತಾನೆ, ಅಲ್ಲಿನ ದೊಡ್ಡ ಸಾಹುಕಾರ ಅವನಿಗೂ ಸಲಾಮು ಹೇಳಿ ಕಳಿಸುತ್ತಾನೆ. ಅಷ್ಟೇ ಎಳೆ ಹಿಡಿದು ಘೋಷ್ ಒಬ್ಬ ಮನುಷ್ಯನನ್ನು ಮತ್ತೆ ಕಟ್ಟುತ್ತಾರೆ. ಇದನ್ನು ಕನ್ನಡದ ಪತ್ರಿಕೆಯ ಪಟ್ಟಿಯಲ್ಲಿ ಬಿಡಬಹುದಾ?

ಕಥೆ-ಕಾದಂಬರಿ ವಿಭಾಗದಲ್ಲಿ ಕಾನ್ರಾಡ್‌ನ ‘ಟೈಫೂನ್’ ಇದೆ, ಇರಲಿ. ಬಿರುಗಾಳಿಯನ್ನು ಅವನ ಹಾಗೆ ಬರೆದವರು ಕಡಿಮೆ, ತಾನೇ ಇಪ್ಪತ್ತು ವರ್ಷ ಹಡಗಿನಲ್ಲಿ ದುಡಿದವನು. ಆದರೆ ಆ ಹಡಗಿನ ಒಡಲಲ್ಲಿ ದುಡಿದು ಊರಿಗೆ ಮರಳುತ್ತಿರುವ 200 ಚೀನೀ ಕೂಲಿಗಳಿದ್ದಾರೆ. ಅವರ ಪೆಟ್ಟಿಗೆಗಳು ಒಡೆದು ವರ್ಷಗಟ್ಟಲೆ ಕೂಡಿಟ್ಟ ಬೆಳ್ಳಿ ನಾಣ್ಯ ಕತ್ತಲಲ್ಲಿ ಚೆಲ್ಲಾಡುತ್ತದೆ. ಅವರಲ್ಲಿ ಒಬ್ಬನ ಮಾತೂ ನಮಗೆ ಕೇಳಿಸುವುದಿಲ್ಲ. ಓದುವಾಗಲೆಲ್ಲ ಅದು ನನ್ನನ್ನು ಕಾಡುತ್ತದೆ.

ಡೇವಾ ಸೊಬೆಲ್ ಅವರ ‘ಲಾಂಜಿಟ್ಯೂಡ್’ ಹಾಕಿದ್ದು ಸರಿ. ಕಡಲಲ್ಲಿ ರೇಖಾಂಶ ತಿಳಿಯಲು ಬಡಗಿ ಹ್ಯಾರಿಸನ್ ಮಾಡಿದ ಗಡಿಯಾರ 1761ರಲ್ಲಿ ಜಮೈಕಾಗೆ ಹೊರಟು ಮುಟ್ಟುವಷ್ಟರಲ್ಲಿ ಹಿಂದೆ ಬಿದ್ದದ್ದು 5 ಸೆಕೆಂಡ್ ಅಂದಾಗ ಮೈ ಜುಂ ಅನ್ನುತ್ತದೆ. ಖಗೋಳಶಾಸ್ತ್ರಜ್ಞ ಮಾಸ್ಕೆಲಿನ್‌ನನ್ನು ಮಾತ್ರ ವಿಲನ್ ಮಾಡಿದ್ದು ಸ್ವಲ್ಪ ಜಾಸ್ತಿಯಾಯಿತು. ಜೋಶುವಾ ಸ್ಲೋಕಮ್ ಕೂಡ ಇರಲಿ, 1895ರಿಂದ 1898ರವರೆಗೆ ಒಂಟಿಯಾಗಿ ಲೋಕ ಸುತ್ತಿದವನು. ಅವನ ದೋಣಿಯಲ್ಲಿ ಕ್ಯಾಪ್ಟನ್ನೂ ಅವನೇ, ಅಡುಗೆಯವನೂ ಅವನೇ, ಆದ್ದರಿಂದ ನನ್ನ ತಕರಾರು ಅಲ್ಲಿ ನಡೆಯುವುದಿಲ್ಲ. ಎರಿಕ್ ನ್ಯೂಬಿಯ ‘ದ ಲಾಸ್ಟ್ ಗ್ರೇನ್ ರೇಸ್’ ಸೇರಿಸಿ. 1938ರಲ್ಲಿ 18ರ ಹುಡುಗ ‘ಮೊಶುಲು’ ಹಡಗಿಗೆ ಬಂದ ಮೊದಲ ದಿನವೇ, ಜಾರುವ ಶೂ ಹಾಕಿಕೊಂಡೇ, ಹಾಯಿಮರ ಹತ್ತು ಅನ್ನಿಸಿಕೊಳ್ಳುತ್ತಾನೆ. ಆ ಪುಟಗಳನ್ನು ಓದುವಾಗ ನಿಮ್ಮ ಅಂಗೈ ಬೆವರದಿದ್ದರೆ ಹೇಳಿ. ದೊಡ್ಡ ಇತಿಹಾಸ ಬೇಕಾದವರಿಗೆ ಕೆ.ಎಂ. ಪಣಿಕ್ಕರ್, ಕೆ.ಎನ್. ಚೌಧುರಿ, ಲಿಂಕನ್ ಪೇಯ್ನ್ ಇದ್ದಾರೆ. ಮೂವರಲ್ಲಿ ಚೌಧುರಿಯವರ 1985ರ ಹಿಂದೂ ಮಹಾಸಾಗರದ ಪುಸ್ತಕ ನನಗೆ ಮೊದಲು.

ಇನ್ನೊಂದು ಮಾತು. ಪಟ್ಟಿ ಹಾಯಿಹಡಗಿನ ಕಾಲಕ್ಕೇ ನಿಂತುಬಿಟ್ಟಿದೆ. ಕಡಲಿನ ಕೆಲಸ ನಿಂತಿಲ್ಲವಲ್ಲ. ಮಾರ್ಕ್ ಲೆವಿನ್ಸನ್‌ರ ‘ದ ಬಾಕ್ಸ್’ ಕಂಟೇನರ್, ಅಂದರೆ ಸರಕು ತುಂಬುವ ದೊಡ್ಡ ಪೆಟ್ಟಿಗೆಯ ಬಗ್ಗೆ. 1956ರ ಏಪ್ರಿಲ್ 26ರಂದು ‘ಐಡಿಯಲ್ ಎಕ್ಸ್’ ಹಡಗು 58 ಪೆಟ್ಟಿಗೆ ಹೊತ್ತು ನ್ಯೂಆರ್ಕ್‌ನಿಂದ ಹೂಸ್ಟನ್‌ಗೆ ಹೊರಟಿತು. ಟನ್ನಿಗೆ 5.83 ಡಾಲರ್ ಇದ್ದ ಸರಕು ತುಂಬುವ ಖರ್ಚು 16 ಸೆಂಟಿಗೆ ಇಳಿಯಿತು. ಬಂದರುಗಳಲ್ಲಿ ತಲೆಮಾರಿನಿಂದ ಮೂಟೆ ಹೊರುತ್ತಿದ್ದವರ ಕೆಲಸವೂ ಹೋಯಿತು, ಅದನ್ನೂ ಅವರು ಬರೆದಿದ್ದಾರೆ. ರೋಸ್ ಜಾರ್ಜ್ ಕಂಟೇನರ್ ಹಡಗಿನಲ್ಲಿ ತಾವೇ ಪ್ರಯಾಣ ಮಾಡಿ ಬರೆದ 2013ರ ಪುಸ್ತಕದಲ್ಲಿ ಇವತ್ತಿನ ನಾವಿಕರ ಒಂಟಿತನ, ಕಡಲ್ಗಳ್ಳರ ಭಯ ಎಲ್ಲ ಇದೆ. ಕೋವಿಡ್ ಕಾಲದಲ್ಲಿ ಒಂದು ಹಂತದಲ್ಲಿ ಸುಮಾರು 4 ಲಕ್ಷ ನಾವಿಕರು ಕರಾರು ಮುಗಿದರೂ ಇಳಿಯಲಾಗದೆ ಹಡಗಿನಲ್ಲೇ ಸಿಕ್ಕಿಕೊಂಡಿದ್ದರು. ಎಷ್ಟು ಪತ್ರಿಕೆಗಳ ಮುಖಪುಟಕ್ಕೆ ಅದು ಬಂತು?

ಸಂಪಾದಕರೇ, ಎರಡು ಕೋರಿಕೆ. ಪಟ್ಟಿಯ ಎರಡನೇ ಕಂತು ಹಾಕಿ, ಅದರಲ್ಲಿ ಮಾರಿಸನ್, ನಿಕರ್ಸನ್, ಇಕ್ವಿಯಾನೋ, ಲೂಯಿಸ್, ಇಬ್ನ್ ಮಾಜಿದ್ ಇರಲಿ. ಡೇನಾ ಮತ್ತು ಇಕ್ವಿಯಾನೋ ಇಬ್ಬರ ಪುಸ್ತಕಕ್ಕೂ ಕಾಪಿರೈಟ್ ಮುಗಿದು ಎಷ್ಟೋ ಕಾಲವಾಯಿತು, ಹಾಗಾಗಿ ಅನುವಾದಕರು, ಪ್ರಕಾಶಕರು ಅನುಮತಿಗೆ ಕಾಯಬೇಕಾಗಿಲ್ಲ, ಪುರವಣಿಯಲ್ಲಿ ಒಂದೊಂದು ಅಧ್ಯಾಯ ಕನ್ನಡದಲ್ಲಿ ಬಂದರೂ ಆರಂಭವಾಗುತ್ತದೆ. ಎರಡನೆಯದು, ನಿಮ್ಮ ಓದುಗರಲ್ಲಿ ಹಡಗಿನಲ್ಲಿ ದುಡಿದು ಬಂದವರು ಇದ್ದೇ ಇರುತ್ತಾರೆ. ಎಂಜಿನ್ ರೂಮಿನಲ್ಲಿ ಇದ್ದವರು, ಅಡುಗೆ ಮಾಡಿದವರು, ಡೆಕ್ ಉಜ್ಜಿದವರು. ಅವರಿಂದ ಬರೆಸಿ. ಬರೆಯಲು ಹಿಂಜರಿದರೆ ವರದಿಗಾರರನ್ನು ಕಳಿಸಿ ಕೇಳಿ ಬರೆದುಕೊಳ್ಳಿ, ಅವರ ಮಾತಿನಲ್ಲೇ ಹಾಕಿ.

ಇಂತಿ,
ನಿಮ್ಮ ಓದುಗ